ಅರಗಿನ ಹುಳದ ಸಾಕ್ಷಿ

ಯೆಣೆಗೂರ, ತಾಲೂಕು ಉಮರ್ಗಾ
ರವಿವಾರ, ೮ ಡಿಸೆಂಬರ್ ೨೦೨೪

ಪ್ರೀತಿಯ ಮುತ್ತ್ಯಾ,

ನಿನ್ನ ಮೊಮ್ಮಗಳು ಯೋಗಿತಾ ಮಾಡುವ ಸಾಷ್ಟಾಂಗ ಶರಣಾರ್ಥಿ. ಅಡ್ಡಬಿದ್ದುಕೊಂಡೇ ಬರೆಯಲು ಹೋದೆ, ಅಕ್ಷರ ಸೊಟ್ಟಗಾದವು. ಆದ್ದರಿಂದ ಎದ್ದು ಕುಳಿತಿದ್ದೇನೆ, ಆದರೂ ಸಾಷ್ಟಾಂಗವು ಜಾರಿಯಲ್ಲಿದೆ ಎಂದೇ ತಿಳಿಯತಕ್ಕದ್ದು. ಉದಗೀರದ ಹವಾ ಹೇಗಿದೆ? ಮೊಣಕಾಲು ಏನನ್ನುತ್ತದೆ? ವಿಜಯಶ್ರೀ ಅತ್ತೆ ಚಹಾಕ್ಕೆ ಸಕ್ಕರೆ ಕಡಿಮೆ ಮಾಡಿದ್ದಾರಂತೆ. ನೀನು ಬೆಲ್ಲದ ಚೂರು ದವಡೆಯಲ್ಲಿ ಬಚ್ಚಿಟ್ಟುಕೊಂಡು ಕುಡಿಯುತ್ತೀ ಎಂಬುದೂ ನಮಗೆ ತಿಳಿದಿದೆ. ಕಣ್ಣಿನ ಸಮಾಚಾರ ಮಾತ್ರ ನಾನು ಕೇಳುವುದಿಲ್ಲ. ಕೇಳಿದರೆ "ಛಲೋ ಅವ, ನಿನಕಿಂತ ಛಲೋ ಕಾಣ್ತದ" ಅನ್ನುತ್ತೀ. ಎರಡನೇ ಸಲ ಕೇಳಿದರೆ "ಆವಾಜ ಬರವಲ್ದು" ಎಂದು ಫೋನು ಇಟ್ಟುಬಿಡುತ್ತೀ. ಅದಕ್ಕೇ ಈ ಪತ್ರ. ಪತ್ರದಲ್ಲಿ ಆವಾಜ ಬರುವುದಿಲ್ಲ ಎಂಬ ನೆಪ ನಡೆಯುವುದಿಲ್ಲ.

ಅತ್ತೆ, ಓದುತ್ತಿರುವವರು ನೀವೇ ಎಂದು ಗೊತ್ತು. ಮುತ್ತ್ಯಾನನ್ನು ಕೋಣೆಯೊಳಗೆ ಮಂಚದ ಮೇಲೆ ಕೂಡಿಸಿ, ಬಾಗಿಲು ಮುಂದೆ ಮಾಡಿ, ಜೋರಾಗಿ ಓದಿರಿ. ಯಾವ ಸಾಲನ್ನೂ ನುಂಗಬೇಡಿ. ನಗು ಬಂದ ಕಡೆ ಕೆಮ್ಮಿರಿ. ಲಕೋಟೆಯನ್ನು ಬೆರಳಿಂದ ಸವರಿ "ಟಿಕೀಟ ಎಲ್ಲ್ಯಾದ ಇದಕ್ಕ?" ಎಂದು ಮುತ್ತ್ಯಾ ಖಂಡಿತ ಕೇಳುತ್ತಾನೆ. ಉತ್ತರ ಕೊನೆಗೆ ಇದೆ ಎನ್ನಿರಿ.

ಮೊದಲು ಕೋರ್ಟಿನ ಸುದ್ದಿ. ನಾನು ಉಮರ್ಗಾದ ಕಾಲೇಜಿಗೆ ಹೋಗತೊಡಗಿದಂದಿನಿಂದ ನಮ್ಮ ಅಂಗಳದ ಬೇವಿನ ಗಿಡದ ಕೆಳಗೆ ನಡೆದಿರುವ ದಾವೆ ನೆನಪಿದೆಯಲ್ಲ: ಕುಮಾರಿ ಯೋಗಿತಾ ವಿರುದ್ಧ ಸೃಷ್ಟಿಕರ್ತ. ನ್ಯಾಯಾಧೀಶರು ಶ್ರೀ ಮನ್ಮಥಪ್ಪನವರು, ಅಂದರೆ ತಾವು. ಆರೋಪಿಯ ವಕೀಲರೂ ತಾವೇ. ಇಂಥ ಕೋರ್ಟು ಮಹಾರಾಷ್ಟ್ರದಲ್ಲೂ ಇಲ್ಲ, ಕರ್ನಾಟಕದಲ್ಲೂ ಇಲ್ಲ. ಗಡಿಯ ಮೇಲೆ ಕುಳಿತವರಿಗೆ ಮಾತ್ರ ಸಿಗುವ ಸೌಲಭ್ಯ. ನಿನ್ನ ವಾದ ಯಾವಾಗಲೂ ಒಂದೇ. "ಗಿಡದಾಗ ಅಂಟ ಅದ, ಹುಳದಾಗ ಅರಗ ಅದ, ಜೇನಿನಾಗ ಮೇಣ ಅದ. ಯಾರರೆ ಇಟ್ಟಾರಂತನೇ ಅವ. ಇಟ್ಟಾಂವ ಇಲ್ದ ಇಟ್ಟಿದ್ದು ಇರ್ತದೇನ, ಹುಚ್ಚಿ?" ನನ್ನ ಪ್ರತಿವಾದವೂ ಒಂದೇ: ಹುಳ ತನ್ನ ಸಂಸಾರಕ್ಕೆ ಮಾಡಿಕೊಂಡದ್ದನ್ನು ನಾವು ಕದ್ದು ತಂದೆವು, ಕದ್ದ ಮಾಲೆಲ್ಲ ತನಗಾಗಿಯೇ ಮಾಡಿಸಿಟ್ಟದ್ದು ಎಂದು ಕಳ್ಳ ಹೇಳಿದರೆ ಫೌಜದಾರ ಒಪ್ಪುತ್ತಾನೆಯೇ? ಆಗ ನೀನು ಹಣೆಯ ವಿಭೂತಿ ಬಿರಿಯುವ ಹಾಗೆ ನಕ್ಕು "ಮುಂದಿನ ತಾರೀಖ" ಅನ್ನುತ್ತಿದ್ದೆ. ಆ ಮುಂದಿನ ತಾರೀಖು ಬರುವ ಮೊದಲೇ ನ್ಯಾಯಾಧೀಶರು ಪರಾರಿಯಾದರು. "ಈ ಅರಗ ಹಳೇದದ. ಉದಗೀರದ ಬಳಿಗಾರರ ಕಡಿ ಛಲೋ ಅರಗ ಸಿಗ್ತದ, ತರ್ತೀನಿ" ಎಂದು ದೀಪಾವಳಿ ಮುಗಿದದ್ದೇ ಚೀಲ ಹಿಡಿದು ಮಗಳ ಮನೆಗೆ ಹೋದವನು ಇನ್ನೂ ಅರಗು ಹುಡುಕುತ್ತಲೇ ಇದ್ದೀ. ಉದಗೀರದಂಥ ಊರಲ್ಲಿ ಒಂದು ಮುಷ್ಟಿ ಅರಗಿಗೆ ಇಷ್ಟು ದಿನ ಬೇಕೇ, ಮುತ್ತ್ಯಾ?

ಅತ್ತೆ ನಿನ್ನನ್ನು ಕಣ್ಣಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದದ್ದು, ಎರಡೂ ಕಣ್ಣಿನಲ್ಲಿ ಮೋತಿಬಿಂದು ಬಲಿತಿದೆ, ಪೊರೆ ತೆಗೆದು ಒಳಗೆ ಹೊಸ ಮಸೂರ ಕೂಡಿಸಬೇಕು ಎಂದು ಡಾಕ್ಟರರು ಹೇಳಿದ್ದು, ಎಲ್ಲವೂ ನಮಗೆ ವರದಿಯಾಗಿದೆ. ನೀನು ಕುರ್ಚಿಯಿಂದ ಎದ್ದು ಕೊಟ್ಟ ತೀರ್ಪು ಕೂಡ: "ಗಿಡಾ ಕೊಟ್ಟಿದ್ದಲ್ಲ, ಹುಳಾ ಕೊಟ್ಟಿದ್ದಲ್ಲ. ಫ್ಯಾಕ್ಟರಿ ಮಾಲ ನಾ ಕಣ್ಣಾಗ ಇಟ್ಟುಕೊಳ್ಳಂಗಿಲ್ಲ. ಶಿವಾ ತೆರದ ಕಣ್ಣು, ಶಿವಾನೇ ಮುಚ್ಚಲಿ." ಆ ಡಾಕ್ಟರರು ಬಡಪಾಯಿ, ಇಂಥ ಕಾನೂನು ಅವರ ಪುಸ್ತಕದಲ್ಲಿ ಇರಲಿಲ್ಲ. ಆಪರೇಷನ್ನಿಗೆ ಬುಧವಾರದ ದಿನ ಹಿಡಿದಿಟ್ಟಿದ್ದೇವೆ, ಮನಸ್ಸು ಬದಲಾದರೆ ಹೇಳಿ ಎಂದಷ್ಟೇ ಅಂದರಂತೆ. ಅಪ್ಪ ಕೇಳಿ ತಲೆ ಮೇಲೆ ಕೈ ಹೊತ್ತ. ನಾನು ಮಾತ್ರ ಒಳಗೊಳಗೇ ಹಿಗ್ಗಿದೆ. ಯಾಕೆಂದರೆ ಮೊದಲ ಸಲ ನ್ಯಾಯಾಧೀಶರು ತಮ್ಮದೇ ಬಲೆಗೆ ಸಿಕ್ಕಿದ್ದರು.

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ಫೋನಿನಲ್ಲಿ ಹೇಳಬಾರದೆಂದು ನಿನ್ನ ಧರ್ಮಪತ್ನಿ, ಅಂದರೆ ನಮ್ಮ ಆಯಿ, ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ಪತ್ರದ ಬಗ್ಗೆ ಆಣೆಯಲ್ಲಿ ಏನೂ ಇರಲಿಲ್ಲ. ಹೋದ ಸೋಮವಾರ ಆಯಿ ಪೂಜೆಗೆ ಕೂತು ಲಿಂಗಕ್ಕೆ ನೀರೆರೆಯುವಾಗ ಕಂತಿ ಬಿರಿಯಿತು. ನಿನಗೆ ಗೊತ್ತಿದ್ದರೂ ಕೋರ್ಟಿನ ದಾಖಲೆಗಾಗಿ ಬರೆಯುತ್ತೇನೆ: ಕಂತಿ ಎಂದರೆ ಕೊರಳಲ್ಲಿ ಧರಿಸುವ ಇಷ್ಟಲಿಂಗದ ಸಣ್ಣ ಕಲ್ಲಿನ ಮೇಲೆ ಕಟ್ಟುವ ಕರಿಯ ಹೊದಿಕೆ, ನೇರಳೆ ಹಣ್ಣಿನ ಹಾಗೆ ಹೊಳೆಯುವಂಥದ್ದು. ನಮ್ಮ ಮನೆತನದಲ್ಲಿ ಅದನ್ನು ಕಟ್ಟುವ ಕೈ ನಿನ್ನದು, ನಿನಗಿಂತ ಮೊದಲು ನಿನ್ನಪ್ಪನದು. ಆಯಿಯದನ್ನು ನೀನು ದಸರೆಗೆ ಹೊಸದಾಗಿ ಕಟ್ಟಿಕೊಟ್ಟಿದ್ದೆ. ಅದು ಎರಡು ಹೋಳಾಗಿ ಆಕೆಯ ಅಂಗೈಯಲ್ಲಿ ಬಿತ್ತು. ಕಲ್ಲಿಗೆ ಏನೂ ಆಗಿಲ್ಲ, ಎದೆ ಹೊಡೆದುಕೊಳ್ಳಬೇಡ. ಆಯಿ ಲಿಂಗವನ್ನೂ ಹೋಳುಗಳನ್ನೂ ಬಿಳಿ ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡು ಘೋಷಿಸಿದಳು: "ಕಂತಿ ಸರಿ ಆಗೂತನಾ ನನಗ ಒಪ್ಪತ್ತು." ದಿನಕ್ಕೊಂದೇ ಊಟ! ಇದು ಯಾವ ಮಠದ ಕಾನೂನೂ ಅಲ್ಲ, ಚಂಪಾಬಾಯಿಯವರ ಖಾಸಗಿ ಕಾನೂನು. ಅಪ್ಪ ಹೆದರುತ್ತಾ "ಸೊಲ್ಲಾಪುರದಾಗ ಕಟ್ಟಿದ್ದೇ ಸಿಗ್ತಾವ, ತರ್ಲೇನ ಅವ್ವಾ?" ಎಂದು ಕೇಳಿದ. ಆಯಿ ಅಪ್ಪನನ್ನು ನೋಡಿದ ನೋಟದಲ್ಲಿ ಜೋಳ ಹುರಿಯಬಹುದಿತ್ತು.

ಹಾಗಾಗಿ ನಿನ್ನ ಮೊಮ್ಮಗಳು ರಣರಂಗಕ್ಕಿಳಿದಳು. ಕಂತಿ ನಾನೇ ಕಟ್ಟುತ್ತೇನೆ ಎಂದು ಸಾರಿದೆ. ನೀನು ಕಟ್ಟುವಾಗ ಪಕ್ಕದಲ್ಲಿ ಕೂತು ಕೀಟಲೆ ಮಾಡಿದ ಅನುಭವ ನನಗೆ ಬೇಕಾದಷ್ಟಿದೆಯಲ್ಲ. ಅರಗು, ಜೇನುಮೇಣ, ದೀಪದ ಕಾಡಿಗೆ, ವಿಭೂತಿ, ಬಿಬ್ಬೆಯ ಎಣ್ಣೆ. ವಿಭೂತಿ ದೇವರ ಮನೆಯಲ್ಲಿತ್ತು. ಮೇಣ ನಮ್ಮ ಬಾವಿಯ ಗೋಡೆಯ ಹಳೆ ಜೇನುಗೂಡಿನದು. ಬಿಬ್ಬೆ, ಅದೇ ಅಗಸರು ಬಟ್ಟೆಗೆ ಗುರುತು ಹಾಕುವ ಕರಿಗೇರಿನ ಬೀಜ, ಉಮರ್ಗಾದ ಕಿರಾಣಿ ಅಂಗಡಿಯಲ್ಲಿ ಸಿಕ್ಕಿತು. ಅಂಗಡಿಯವನು ಕಾಗದದಲ್ಲಿ ಸುತ್ತಿ ಸುತ್ತಿ, ಸಿಡಿಯುವ ಮದ್ದು ಕೊಡುವವನ ಹಾಗೆ ಕೊಟ್ಟ. ಅರಗಿಗೆ ಔರಾದ ಶಹಾಜನಿಯ ಸಂತೆಗೆ ಹೋದೆ. ಅಲ್ಲಿ ಅರಗಿನ ಬಳೆ ಮಾರುವ ರಂಭಾಬಾಯಿ ನಿನಗೆ ಗೊತ್ತಲ್ಲ, ಮಾತಿನಲ್ಲಿ ನನ್ನ ಗುರು.

"ಅರಗ ಯಾಕ ಬೇಕವ್ವಾ? ಲಗ್ನಾ ಅದ ಏನ ಮನ್ಯಾಗ?" ಎಂದಳು.

"ಇಲ್ಲ ಬಾಯಿ, ದಾವಾ ಅದ."

"ಯಾರ ಮ್ಯಾಲ?"

"ದೇವರ ಮ್ಯಾಲ."

ರಂಭಾಬಾಯಿ ಬಳೆ ಜೋಡಿಸುವ ಕೈಯನ್ನೂ ನಿಲ್ಲಿಸಲಿಲ್ಲ. "ಹೊಲದ ಬದುವಿಂದ ಇರಬೇಕು. ದೇವಸ್ಥಾನದ ಮಂದಿ ಹಂಗೇ ಅದಾರ ತಗೋ. ವಕೀಲಗ ಭಾಳ ಸುರೀಬ್ಯಾಡ" ಎಂದು ಬುದ್ಧಿ ಹೇಳಿ, ಅರಗಿನ ಜೊತೆಗೆ ಒಂದು ಕಡ್ಡಿಯನ್ನೂ ಕೊಟ್ಟಳು. ಕರಗಿಸದ, ಶುದ್ಧ ಮಾಡದ, ಮರದಿಂದ ಮುರಿದ ಹಾಗೇ ಇದ್ದ ಕಡ್ಡಿ. ಸುತ್ತಲೂ ಕೆಂಪು ಕಂದು ಬಣ್ಣದ ಹುಣ್ಣಿನಂಥ ಗಂಟು. ನಾನು ಎಸ್ಟಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅದನ್ನು ಮೊಬೈಲಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದೆ. ಮುತ್ತ್ಯಾ, ನಾನು ಇಳಿಯುವ ಸ್ಟಾಪು ತಪ್ಪಿಸಿಕೊಂಡು ಮುಂದಿನ ಢಾಬಾದಿಂದ ನಡೆದು ಬಂದೆ! ಆ ಗಂಟಿನ ತುಂಬ ಸೂಜಿಮೊನೆಯಷ್ಟು ಕಿಂಡಿಗಳು. ಆಮೇಲೆ ಕಾಲೇಜಿನಲ್ಲಿ ಓದಿ ತಿಳಿದುಕೊಂಡೆ. ಸಾಸಿವೆಗಿಂತ ಸಣ್ಣ ಕೆಂಪು ಮರಿ ಎಳೆಯ ಟೊಂಗೆ ಹುಡುಕಿಕೊಂಡು ಹೋಗಿ, ಮೂತಿ ಚುಚ್ಚಿ ಕೂರುತ್ತದೆ. ಹೆಣ್ಣು ಒಮ್ಮೆ ಕೂತರೆ ಮುಗಿಯಿತು, ಮತ್ತೆ ಏಳುವುದಿಲ್ಲ. ಮರದ ರಸ ಕುಡಿದು, ಮೈಯಿಂದಲೇ ಅರಗು ಒಸರಿಸಿ, ತನ್ನ ಮೇಲೆ ತಾನೇ ಮನೆ ಕಟ್ಟಿಕೊಳ್ಳುತ್ತದೆ. ಉಸಿರಿಗೆ ಕಿಂಡಿ ಬಿಡುತ್ತದೆ. ಒಳಗೇ ಮರಿ ಹಾಕಿ, ಒಳಗೇ ಸಾಯುತ್ತದೆ. ಮರಿಗಳು ಹೊರಗೆ ಬಂದು ಹೊಸ ಟೊಂಗೆಗೆ ಹೊರಡುತ್ತವೆ. ಅಂದರೆ ನೀನು ಇಷ್ಟು ವರ್ಷ ನಮ್ಮೆಲ್ಲರ ಲಿಂಗಕ್ಕೆ ಹೊದಿಸಿದ್ದು ಒಬ್ಬ ತಾಯಿಯ ಮನೆ! ಇದನ್ನು ಮೊದಲೇ ಯಾಕೆ ಹೇಳಲಿಲ್ಲ? ಹೇಳಿದ್ದರೆ ನಾನು ದಾವೆಯನ್ನೇ ಹೂಡುತ್ತಿರಲಿಲ್ಲ. (ಹೂಡುತ್ತಿದ್ದೆ. ಆದರೆ ಮೆತ್ತಗೆ.)

ಮೊದಲ ಸಲದ ಕಂತಿ ಶೇಂಗಾ ಚಿಕ್ಕಿಯ ಹಾಗೆ ಪುಡಿಯಾಯಿತು. ಹೆದರಬೇಡ, ನಾನು ಆಯಿಯ ಲಿಂಗ ಮುಟ್ಟಿಲ್ಲ. ಹಳ್ಳದಿಂದ ತಂದ ಒಂದು ನುಣುಪು ಕಲ್ಲಿನ ಮೇಲೆ ಅಭ್ಯಾಸ ನಡೆಸಿದ್ದೆ. ಎರಡನೇ ಸಲ ಕೊಬ್ಬರಿ ಎಣ್ಣೆ ಸವರಿದ ಕೈಯಿಂದ ಕಾಡಿಗೆಗೆ ಬಿಬ್ಬೆಯ ಎಣ್ಣೆ ಕಲಸಿ ಒಂದು ಬಟ್ಟಲಲ್ಲಿಟ್ಟೆ, ಬರೀ ಕಾಡಿಗೆ ಇನ್ನೊಂದು ಬಟ್ಟಲಲ್ಲಿ. ಅಷ್ಟರಲ್ಲಿ ಅಣ್ಣ ಭರತ ಪಡಸಾಲೆಯಲ್ಲಿ ಬಾಯಿ ತೆರೆದು ಮಲಗಿದ್ದು ಕಂಡಿತು. ನಿನಗೇ ಗೊತ್ತು, ಮಲಗಿದ ಭರತ ಎಂದರೆ ನನಗೆ ಸುಣ್ಣ ಬಳಿದ ಗೋಡೆ ಇದ್ದ ಹಾಗೆ. ಎರಡು ಬೆರಳು ಅದ್ದಿ, ಒಂದು ಭವ್ಯ ಮೀಸೆ ಬರೆದೆ, ಸುಬೇದಾರರ ಮೀಸೆ, ತುದಿಗೆ ಸುರುಳಿ ಸಹಿತ. ಎದ್ದವನು ಬೈದು ಒರೆಸಿಕೊಂಡ, ಇಬ್ಬರೂ ಮರೆತೆವು. ಮರುದಿನ ಬೆಳಿಗ್ಗೆ ನೋಡಿದರೆ ನನ್ನ ಮೀಸೆ ತಾನೇ ಬೆಳೆದು ನಿಂತಿತ್ತು! ತುಟಿ ಮೇಲೆ ಕೆಂಪಗೆ, ಗುಳ್ಳೆ ಗುಳ್ಳೆಯಾಗಿ, ಸುರುಳಿ ಸಹಿತ. ನಾನು ಅದ್ದಿದ್ದು ಬಿಬ್ಬೆಯ ಬಟ್ಟಲಿಗೆ.

ಅವತ್ತೇ ಸಂಜೆ ನಿಲಂಗಾದಿಂದ ಹೆಣ್ಣಿನ ಕಡೆಯವರು ನಮ್ಮ ಮನೆ ನೋಡಲು ಬರುವವರಿದ್ದರು ಎಂಬುದನ್ನು ಇಲ್ಲಿ ಗಂಭೀರವಾಗಿ ನಮೂದಿಸಬೇಕಾಗಿದೆ. ಭರತ ದಸ್ತಿಯಿಂದ ಬಾಯಿ ಮುಚ್ಚಿಕೊಂಡು ಕುಳಿತ. ಹುಡುಗಿಯ ಅಪ್ಪ ನೌಕರಿ ಕೇಳಿದರೆ "ಮೆಡಿಕಲ್ ಅಂಗಡಿ" ಎಂಬುದು ದಸ್ತಿಯೊಳಗಿಂದ "ಮ್ಮೆಮ್ಮೆಲ್" ಎಂದು ಬಂತು. ಹುಡುಗಿಯ ಅಜ್ಜಿ ಸರುಬಾಯಿ ಸ್ವಲ್ಪ ಹೊತ್ತು ನೋಡಿದಳು, ಎದ್ದು ಬಂದಳು, ದಸ್ತಿ ಎಳೆದಳು. "ಅಯ್ಯ ಶಿವನೇ, ಹುಡಗಗ ಬಿಬ್ಬಿ ಹತ್ತ್ಯಾದ! ಸುಮ್ನ ಕುಂತೀರಲ್ಲ, ಕೊಬ್ರಿ ಎಣ್ಣಿ ತರ್ರಿ!" ಬೀಗರಾಗುವವರು ವರನ ತುಟಿಗೆ ಎಣ್ಣೆ ಹಚ್ಚುವ ಆ ದೃಶ್ಯವನ್ನು ನೋಡಲು ನಿನಗೆ ಕಣ್ಣಿರಬೇಕಾಗಿತ್ತು, ಮುತ್ತ್ಯಾ. ಹೋಗುವಾಗ ಸರುಬಾಯಿ "ಮೀಸಿ ಇಳದಮ್ಯಾಲ ಒಂದ ಫೋಟೋ ಕಳಸ್ರಿ, ಹುಡಗಿಗ ತೋರಸ್ತೀವಿ" ಎಂದು ಹೇಳಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಯಾರ ಕೈಚಳಕ ಎಂದು ಆಕೆಗೆ ತಿಳಿದಿತ್ತು. ಈ ಮದುವೆ ಆಗಿಯೇ ಆಗುತ್ತದೆ ಎಂದು ನನ್ನ ಭವಿಷ್ಯವಾಣಿ. ಇಂಥ ಅಜ್ಜಿ ಇರುವ ಮನೆಯನ್ನು ನಾವು ಬಿಡಬಾರದು.

ಮೊದಲೊಮ್ಮೆ ನಾನು ಕೇಳಿದ್ದೆ: ಬಿಬ್ಬೆಯಂಥ ಸುಡುವ ಬೀಜ ಮಾಡಿದವನಿಗೆ ಬುದ್ಧಿ ಇತ್ತೇ ಎಂದು. ನೀನು "ನಿನ್ನಂಥಾಕಿ ಕೈ ಹಾಕಬಾರದಂತ ಮಾಡ್ಯಾನ" ಅಂದಿದ್ದೆ. ಆ ಅಂಶದ ಮಟ್ಟಿಗೆ ತೀರ್ಪು ನಿನ್ನ ಕಡೆಗೆ ಆಗಿದೆ ಎಂದು ಒಪ್ಪುತ್ತೇನೆ.

ಇನ್ನು ಮುಖ್ಯ ಸಾಕ್ಷಿ. ಭರತ ಉರಿ ತಡೆಯಲಾರದೆ ಡಾಕ್ಟರರಿಗೆ ತೋರಿಸಿ ಗುಳಿಗೆ ತಂದುಕೊಂಡ. ನಾನು ನೀರು ಕೊಡುವ ನೆಪದಲ್ಲಿ ಒಂದು ಗುಳಿಗೆ ಕೈಗೆ ತೆಗೆದುಕೊಂಡು, ಕ್ಷಮೆ ಕೇಳುವ ಬದಲು ಬಾಯಿಗೆ ಬಂದದ್ದು ಅಂದೆ: "ನೋಡ ಅಣ್ಣಾ, ಎಷ್ಟ ನುಣ್ಣಗ ಅದ, ಇದಕ್ಕೂ ಯಾರೋ ಕಂತಿ ಕಟ್ಟ್ಯಾರ." ಭರತ ಉಬ್ಬಿದ ತುಟಿಯಿಂದಲೇ ಸಿಡುಕಿದ: "ಕಟ್ಟೇ ಇರ್ತಾರ, ಕತ್ತಿ ಮರಿ! ಎಷ್ಟೋ ಗುಳಿಗಿ ಮ್ಯಾಲ ಹಚ್ಚೋದು ನಿನ್ನ ಅರಗೇ. ಹೊಟ್ಟ್ಯಾಗ ಲಗೂನ ಕರಗಬಾರದಂತ. ನಮ್ಮ ಫಾರ್ಮಸಿ ಓದಿನಾಗ ಇತ್ತು." ಮು-ತ್ತ್ಯಾ! ನಾನು ಅಲ್ಲೇ ಕುಣಿದೆ. ನೀರಿನ ತಂಬಿಗೆ ಭರತನ ಮೇಲೆಯೇ ಬಿತ್ತು. ಅದೇ ಅರಗು! ಬೋರೆ ಗಿಡದ ಮೇಲೆ ಕೂತ ಅದೇ ಹುಳ, ಒಂದು ಕಡೆ ನಿನ್ನ ಲಿಂಗಕ್ಕೆ ಹೊದಿಕೆ, ಇನ್ನೊಂದು ಕಡೆ ಔಷಧಕ್ಕೆ ಹೊದಿಕೆ! ಹುಳಕ್ಕೆ ಎರಡರ ಸುದ್ದಿಯೂ ಗೊತ್ತಿಲ್ಲ. ನಾನು ಭರತನನ್ನು ಬಿಡಲಿಲ್ಲ, ಇನ್ನೂ ಏನೇನಿದೆ ಹೇಳು ಎಂದು ಕಾಡಿದೆ. ಗಾಯ ಹೊಲಿಯುವುದಕ್ಕೆ ರೇಷ್ಮೆಯ ದಾರವೂ ಇರುತ್ತದಂತೆ. ಕಣ್ಣಿಗೂ ಅದೇ ಏನು ಎಂದು ನಾನು ಹಾರಿದರೆ, "ಈಗ ಮೋತಿಬಿಂದುಕ್ಕ ಹೆಚ್ಚಾಗಿ ಹೊಲಿಗೀನೇ ಹಾಕಂಗಿಲ್ಲ" ಎಂದು ನನ್ನ ರೇಷ್ಮೆ ಹುಳವನ್ನು ಸಾಕ್ಷಿಕಟ್ಟೆಯಿಂದ ಇಳಿಸಿಬಿಟ್ಟ. ಅದರ ಬದಲಿಗೆ ಇನ್ನೊಂದು ಕೊಟ್ಟ. ಕಣ್ಣಿನ ಪಾಪೆ ಅಗಲ ಮಾಡುವ ಒಂದು ಹಳೆಯ ಔಷಧ ಇದೆ, ಅದು ಸಿಕ್ಕಿದ್ದು ದತ್ತೂರಿ ಕುಲದ ಗಿಡಗಳಿಂದ. ದತ್ತೂರಿ! ನೀನು ಶಿವರಾತ್ರಿಗೆ ಏರಿಸುವ ಹೂವು! ಶಿವನಿಗೆ ಕೊಟ್ಟದ್ದನ್ನು ಶಿವ ಕಣ್ಣಿನ ಡಾಕ್ಟರರಿಗೆ ದಾಟಿಸಿದ್ದಾನೆ, ಮುತ್ತ್ಯಾ! (ಅತ್ತೆ, ಮುತ್ತ್ಯಾ ಹಿತ್ತಲಿಗೆ ಹೋಗಿ ದತ್ತೂರಿಯ ರಸ ಕಣ್ಣಿಗೆ ಹಿಂಡಿಕೊಳ್ಳದಂತೆ ನೋಡಿಕೊಳ್ಳಿ. ಗಿಡದಲ್ಲಿರುವುದು ವಿಷ. ತೂಗಿ ಅಳೆದರೆ ಮಾತ್ರ ಔಷಧ.)

ಇಷ್ಟಾದರೂ ಮಸೂರದ ಪ್ರಶ್ನೆ ಉಳಿಯಿತು. ಅದು ಗಿಡದ್ದಲ್ಲ, ಹುಳದ್ದಲ್ಲ, ಫ್ಯಾಕ್ಟರಿಯದೇ. ನಾನು ನಿನ್ನ ಮುಂದೆ ಬೇಕಾದಷ್ಟು ತುಂಟತನ ಮಾಡಿದ್ದೇನೆ, ಸುಳ್ಳು ಸಾಕ್ಷಿ ಮಾತ್ರ ಹೇಳುವುದಿಲ್ಲ. ಆದರೆ ಅದರ ಉತ್ತರ ನಮ್ಮ ಒಲೆಯ ಮುಂದೆಯೇ ಸಿಕ್ಕಿತು, ನಿನ್ನೆ, ಮೂರನೇ ಸಲ ಕಟ್ಟುವಾಗ.

ಅರಗು ಕರಗಿ ಕುದಿಯುತ್ತಿತ್ತು. ಯಾವಾಗ ಇಳಿಸಬೇಕು ಎಂಬುದೇ ನನಗೆ ತಿಳಿಯದ ಸಂಗತಿ. ಮೊದಲೆರಡು ಸಲ ಕೆಟ್ಟದ್ದೂ ಅಲ್ಲೇ. ಆಯಿ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು, ನನ್ನ ಕಡೆ ನೋಡುತ್ತಲೂ ಇರಲಿಲ್ಲ. ಅಲ್ಲಿಂದಲೇ ಅಂದಳು: "ಕಡ್ಡೀಲೆ ಎತ್ತಿ ನೋಡು. ಎಳಿ ಜೇನಿನ ಬಣ್ಣಕ್ಕ ಬಂತಂದ್ರ ಇಳಸು. ಕಂದ ಆಯ್ತಂದ್ರ ಬಿರೀತದ." ನಾನು ಎತ್ತಿ ನೋಡಿದೆ, ಜೇನಿನ ಬಣ್ಣ, ಇಳಿಸಿದೆ. ಆಮೇಲೆ ಆಯಿ ಅವರೆಕಾಯಿಗೆ ಹೇಳುವವಳ ಹಾಗೆ ಮೆಲ್ಲಗೆ ಅಂದಳು: "ಈ ಸರ್ತಿ ನಿಮ್ಮ ಮುತ್ತ್ಯಾಗ ಆ ಬಣ್ಣ ಕಾಣಲಿಲ್ಲ."

ಅರಗು ಹಳೆಯದಾಗಿರಲಿಲ್ಲ, ಮುತ್ತ್ಯಾ. ಅರಗು ಸರಿಯಾಗಿಯೇ ಇತ್ತು. ದಸರೆಯಲ್ಲಿ ನೀನು ಎಳೆಯನ್ನು ಕಣ್ಣಿನ ಹತ್ತಿರ, ಮತ್ತೂ ಹತ್ತಿರ ಹಿಡಿದದ್ದನ್ನು ಆಯಿ ನೋಡಿದ್ದಳು. ಬಣ್ಣ ಮೀರಿದ್ದನ್ನೂ ನೋಡಿದ್ದಳು. "ಮತ್ತ ಗೊತ್ತಿದ್ದೂ ಯಾಕ ಹೇಳಲಿಲ್ಲ? ಯಾಕ ಹಾಕ್ಕೊಂಡಿ?" ಎಂದು ಕೇಳಿದೆ. ಆಯಿ "ಅವರು ಕಟ್ಟ್ಯಾರಲ್ಲ" ಅಂದಳು. ಅಷ್ಟೇ. ಅವರೆಕಾಯಿ ಬಿಡಿಸುವುದನ್ನು ಮುಂದುವರಿಸಿದಳು.

ನಾನು ಕಟ್ಟಿದ ಮೂರನೇ ಕಂತಿ ಸರಿಯಾಗಿ ಬಂತು. ಕಲ್ಲು ನೇರಳೆಯಾಗಿ ಹೊಳೆಯಿತು. ಆಯಿ ಅದನ್ನು ಬೆಳಕಿಗೆ ಹಿಡಿದು, ಕೆನ್ನೆಗೆ ಒತ್ತಿಕೊಂಡು, "ಅವರ ಕೈನೇ ಬಂದದ ನಿನಗ" ಅಂದಳು. ನಾನು ಗೆದ್ದೆ ಎಂದುಕೊಂಡು "ಹಂಗಾದ್ರ ನಿಂದೂ ಕಟ್ಟಲಿ?" ಎಂದರೆ, ಕಲ್ಲನ್ನು ನನ್ನ ಕೈಗೆ ವಾಪಸು ಕೊಟ್ಟಳು. "ಕಲ್ಲಿಂದು ಕಲ್ಲಿಗಿರಲಿ. ನಂದು ಅವರೇ ಕಟ್ಟಬೇಕು, ಬಣ್ಣಾ ನೋಡಿ." ಈಗ ತಿಳಿಯಿತೇ ಆ ಒಪ್ಪತ್ತು ಯಾರ ಮೇಲೆ ಎಂದು? ಅದು ಕಂತಿಗಾಗಿ ಹಿಡಿದದ್ದಲ್ಲ. ನಿನ್ನ ಕಣ್ಣಿಗಾಗಿ ಹೂಡಿದ ಮುತ್ತಿಗೆ. ನಿನ್ನೆ ಆಕೆಯ ಕುಪ್ಪಸದ ತೋಳು ಸಡಿಲಾಗಿದ್ದು ನನಗೆ ಕಂಡಿತು. ಇದನ್ನು ತಮಾಷೆಯಾಗಿ ಬರೆಯಲು ನಾಲ್ಕು ಸಲ ಪ್ರಯತ್ನಿಸಿದೆ, ಬರಲಿಲ್ಲ.

ಆದ್ದರಿಂದ ಮಾನ್ಯ ನ್ಯಾಯಾಧೀಶರಲ್ಲಿ ನನ್ನ ಕೊನೆಯ ಅರಿಕೆ. ಲಕೋಟೆಯ ಜೊತೆ ಒಂದು ಸಣ್ಣ ಚೀಲವಿದೆ. ಅತ್ತೆ, ಅದರೊಳಗಿನ ಎರಡು ವಸ್ತುಗಳನ್ನು ಮುತ್ತ್ಯಾನ ಅಂಗೈಯಲ್ಲಿ ಇಡಿರಿ. ಒಂದು, ನಾನು ಕಂತಿ ಕಟ್ಟಿದ ಹಳ್ಳದ ಕಲ್ಲು. ಇನ್ನೊಂದು, ಅರಗಿನ ಹೊದಿಕೆಯದೆಂದು ಭರತ ಆರಿಸಿಕೊಟ್ಟ ಗುಳಿಗೆ (ನುಂಗುವುದಕ್ಕಲ್ಲ, ಮುಟ್ಟುವುದಕ್ಕೆ). ಮುತ್ತ್ಯಾ, ಎರಡನ್ನೂ ಬೆರಳಿಂದ ಸವರು. ನಿನ್ನ ಬೆರಳಿಗೆ ಸುಳ್ಳು ನಡೆಯುವುದಿಲ್ಲ. ಯಾವುದು ಶಿವನದು, ಯಾವುದು ಫ್ಯಾಕ್ಟರಿಯದು, ಹೇಳು ನೋಡೋಣ.

ಕಂತಿ ಯಾವ ಗಿಡದಲ್ಲಿ ಬಿಡುತ್ತದೆ? ಯಾವ ಹುಳ ಅದನ್ನು ಸಿದ್ಧ ಮಾಡಿ ಕೊಡುತ್ತದೆ? ಅರಗು ಮರದಲ್ಲಿದೆ, ಮೇಣ ಗೂಡಿನಲ್ಲಿದೆ, ಕಾಡಿಗೆ ದೀಪದಲ್ಲಿದೆ, ಬಿಬ್ಬೆ ಕಾಡಿನಲ್ಲಿದೆ. ಒಂದಕ್ಕೊಂದರ ಗುರುತಿಲ್ಲ. ಅವನ್ನು ಒಲೆ ಮುಂದೆ ಕೂಡಿಸಿ, ಬಣ್ಣ ನೋಡಿ, ಇಳಿಸಿ, ಲಿಂಗಕ್ಕೆ ಹೊದಿಸಿದ್ದು ನಿನ್ನ ಎರಡು ಕೈ. ಹಾಗಾದರೆ ಕಂತಿಯೂ ಫ್ಯಾಕ್ಟರಿ ಮಾಲೇ ಅಲ್ಲವೇ? ಫ್ಯಾಕ್ಟರಿ ಎಂದರೆ ನಮ್ಮ ಅಡುಗೆ ಮನೆ, ಅಷ್ಟೇ. ಇಟ್ಟವನು ಒಬ್ಬ ಇದ್ದಾನೆ ಎನ್ನುವುದಾದರೆ, ಅವನು ಎಲ್ಲವನ್ನೂ ಮುಗಿಸಿ ಇಡಲಿಲ್ಲ. ಅರ್ಧ ಮಾಡಿ, ಉಳಿದ ಅರ್ಧಕ್ಕೆ ಕೈಗಳನ್ನು ಮಾಡಿ ಇಟ್ಟ. ನಿನ್ನ ಕೈಯನ್ನು ಇಟ್ಟವನೇ ಮಸೂರ ಮಾಡಿದವನ ಕೈಯನ್ನೂ ಇಟ್ಟಿದ್ದಾನೆ, ಅದನ್ನು ಕೂಡಿಸುವ ಡಾಕ್ಟರರ ಕೈಯನ್ನೂ. ಇದು ನನ್ನ ಮಾತಲ್ಲ, ನಿನ್ನದೇ ವಾದವನ್ನು ನಾನು ಒಂದು ಹೆಜ್ಜೆ ಮುಂದೆ ನಡೆಸಿದ್ದು. ಕಳ್ಳ, ಕದ್ದ ಮಾಲು ಎಂಬ ನನ್ನ ಆರೋಪವನ್ನು ನಾನು ಹಿಂತೆಗೆದುಕೊಳ್ಳುತ್ತೇನೆ. ಆ ಕಡ್ಡಿಯ ಕಿಂಡಿಗಳನ್ನು ನೋಡಿದ ಮೇಲೆ ಅದನ್ನು ಮುಂದುವರಿಸಲು ನನಗೆ ನಾಲಿಗೆ ಏಳುತ್ತಿಲ್ಲ. ದಾವೆ ವಾಪಸು. ಆದರೆ ಖರ್ಚುವೆಚ್ಚದ ಬದಲಾಗಿ ಆರೋಪಿಯ ವಕೀಲರು ಬುಧವಾರ ಡಾಕ್ಟರರ ಮುಂದೆ ಹಾಜರಾಗತಕ್ಕದ್ದು. ಮೊದಲು ಒಂದು ಕಣ್ಣು ಸಾಕು. ಎಳ್ಳಮಾವಾಸ್ಯೆಗೆ ಇನ್ನೂ ದಿನಗಳಿವೆ. ಡಾಕ್ಟರರು ಒಪ್ಪಿದರೆ ಕರಿ ಚಸ್ಮಾ ಹಾಕಿಸಿ ನಿನ್ನನ್ನು ಹೊಲದ ಪೂಜೆಗೆ ಕಟ್ಟುವ ಜೋಳದ ದಂಟಿನ ಕೊಂಪೆಯ ಮುಂದೆ ಕೂಡಿಸಿ, ಭಜ್ಜಿ, ಅಂಬಲಿ ಬಡಿಸುತ್ತೇವೆ. ಸಿನಿಮಾದ ಖಳನಾಯಕನಂತೆ ಕಾಣುತ್ತೀ, ನಾನು ಫೋಟೋ ತೆಗೆಯುತ್ತೇನೆ. ಮೀಸೆ ಬೇಕಿದ್ದರೆ ಅದನ್ನೂ ಬರೆದು ಕೊಡುತ್ತೇನೆ.

ಅಪ್ಪ, ಅವ್ವ ಶರಣು ಹೇಳಿದ್ದಾರೆ. ಭರತ ತುಟಿ ಮಾಯ್ದ ಮೇಲೆ ಹೇಳುತ್ತಾನಂತೆ. ನಿನ್ನ ಆಶೀರ್ವಾದ ನನ್ನ ಮೇಲಿರಲಿ, ಪರೀಕ್ಷೆ ಹತ್ತಿರ ಬಂದಿದೆ, ಓದಿದ್ದು ಬರೀ ಹುಳ.

ನಿನ್ನ ಎದುರು ಪಕ್ಷದ ವಕೀಲೆ, ಸೋತದ್ದಕ್ಕೆ ಕುಣಿಯುತ್ತಿರುವ,
ಯೋಗಿತಾ

ತಾ.ಕ.: ಗಡಿಬಿಡಿಯಲ್ಲಿ ಮುಖ್ಯ ಸಂಗತಿಯೇ ಉಳಿಯಿತು. ಲಕೋಟೆಗೆ ಟಿಕೀಟು ಇಲ್ಲ, ಯಾಕೆಂದರೆ ಇದು ಟಪಾಲಿನಲ್ಲಿ ಬಂದದ್ದಲ್ಲ. ತಂದವರು ಬೆಳಿಗ್ಗೆ ಉಮರ್ಗಾದಲ್ಲಿ ಎಸ್ಟಿ ಹತ್ತಿ, ನಿಲಂಗಾದಲ್ಲಿ ಇಳಿದು ಇನ್ನೊಂದು ಹತ್ತಿ, ಅತ್ತೆಯ ಮನೆಗೆ ಬಂದು, ಈಗ ನಿನ್ನ ಕೋಣೆಯ ಬಾಗಿಲಾಚೆ ಗೋಡೆಗೆ ಒರಗಿ ಕುಳಿತಿದ್ದಾರೆ. ಇಷ್ಟು ಹೊತ್ತು ಮಾತಾಡದೆ ಕುಳಿತದ್ದು ಅವರ ಜನ್ಮದಲ್ಲೇ ಮೊದಲು. ಕೊರಳಲ್ಲಿ ಬಿಳಿ ಬಟ್ಟೆಯ ಗಂಟು. ತೊಡೆಯ ಮೇಲೆ ಬುತ್ತಿ: ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಇಬ್ಬರಿಗಾಗುವಷ್ಟು. ಇವತ್ತಿನ ಒಪ್ಪತ್ತು ಇನ್ನೂ ಆಗಿಲ್ಲ. ಬುಧವಾರಕ್ಕೆ ನೀನು "ಹೂಂ" ಅಂದ ಮೇಲೆಯೇ ಬುತ್ತಿ ಬಿಚ್ಚುವುದಂತೆ. ಅತ್ತೆ, ಇನ್ನು ಓದುವುದು ಸಾಕು. ಬಾಗಿಲು ತೆಗೆಯಿರಿ.